ಮಂಡಿಪೇಟೆ ಕಡೆಯ ಹಳೇ ಪ್ರೆಸ್ಸು: ಎಲೆಕ್ಷನ್ ಕೆಲಸ ಕೊಡಬಹುದಾ?

ಪಾಲಿಕೆ ಎಲೆಕ್ಷನ್ನಿಗೆ ಟಿಕೆಟ್ ಆಸೆ ಇಟ್ಕೊಂಡೋರು ನಮ್ ದಾವಣಗೆರೇಲಿ ವಾರ್ಡಿಗೆ ಹತ್ತು ಜನ ಅದಾರೆ, ಕರಪತ್ರ ಎಲ್ಲಿ ಹೊಡ್ಸೋದಣ್ಣ ಅಂತ ಎಲ್ರೂ ನನ್ನನ್ನೇ ಕೇಳ್ತಾರೆ, ಅದಕ್ಕೆ ಒಂದೇ ಸಲ ಬರ್ದುಬಿಡ್ತೀನಿ. ಪ್ರೆಸ್ ಹೆಸರು ಹಾಕಲ್ಲ, ಅಲ್ಲಿಗೆ ಎರಡೂ ಪಾರ್ಟಿಯೋರು ಬರ್ತಾರೆ, ನನ್ನಿಂದ ಯಜಮಾನ್ರಿಗೆ ಯಾಕೆ ತಲೆನೋವು. ಮಂಡಿಪೇಟೆ ಕಡೆ ಹೋಗಿ ಹಳೇ ಪ್ರೆಸ್ ಎಲ್ಲೈತಿ ಅಂದ್ರೆ ತೋರಿಸ್ತಾರೆ.

ನಾನು ಕಮಲದ ಕಡೆಯೋನು, ದಾವಣಗೆರೆ ದಕ್ಷಿಣ ಅಸೆಂಬ್ಲಿ ಕ್ಷೇತ್ರದೋನು. ಅಂದ್ರೆ ಸೋತು ಅಭ್ಯಾಸ ಇರೋನು ಅಂತ ತಿಳ್ಕೊಳ್ರಿ.

ಈ ಪ್ರೆಸ್ಸಲ್ಲಿ ನಂಗೆ ಇಷ್ಟ ಆಗಿದ್ದು ಮೆಷಿನ್ ಅಲ್ಲ, ಯಜಮಾನ್ರ ಫೈಲು. ತಾವು ಹೊಡೆದಿದ್ದು, ಬೇರೆ ಪ್ರೆಸ್ಸಿಂದ ಬಂದಿದ್ದು ಎಲ್ಲಾ ಪಾರ್ಟಿ ಕರಪತ್ರ ಒಂದೊಂದು ಕಾಪಿ ಸೇರ್ಸಿ ದಾರ ಕಟ್ಟಿ ಇಟ್ಟಿದಾರೆ. ಪ್ರೂಫ್ ಬರೋವರ್ಗೂ ಅದನ್ನೇ ತಿರುವ್ತಾ ಕೂತಿದ್ದೆ. 2008ರದ್ದು ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣ್ರಿ, ದಕ್ಷಿಣ ಕ್ಷೇತ್ರ ಆಗಿನ್ನೂ ಹೊಸದು, ರಾಜ್ಯದಲ್ಲಿ ನಮ್ಮೋರು 110 ಸೀಟು ತಗೊಂಡ್ರು, ಪಕ್ಕದ ಉತ್ತರದಲ್ಲಿ ರವೀಂದ್ರನಾಥ್ ಗೆದ್ರು, ದಕ್ಷಿಣದಲ್ಲಿ ಮಾತ್ರ ನಮ್ ಯಶವಂತರಾವ್ ಜಾಧವ್ 6,358 ವೋಟಲ್ಲಿ ಕಾಂಗ್ರೆಸ್ಸಿನ ಶಾಮನೂರು ಶಿವಶಂಕರಪ್ಪನವರ ಎದುರು ಸೋತ್ರು. 2013ರದ್ದು ಬೇಡ ಬಿಡ್ರಿ, ಯಡಿಯೂರಪ್ಪನವರು ನಮ್ ಪಾರ್ಟಿ ಬಿಟ್ಟು ಕಟ್ಟಿದ್ ಕೆಜೆಪಿ ಎದುರಿಗೆ ನಿಂತ ವರ್ಷ ಅದು, ದಕ್ಷಿಣದಲ್ಲಿ ಎರಡನೇ ಜಾಗಾನೂ ಜೆಡಿಎಸ್ ಪಾಲು. 2018ಕ್ಕೆ ಮತ್ತೆ ಜಾಧವ್ ನಿಂತ್ರು, ಮತ್ತೆ ಸೋತ್ರು, ಈ ಸಲ 15,884. 2023ಕ್ಕೆ ಮೇಯರ್ ಆಗಿದ್ದ ಬಿ.ಜಿ. ಅಜಯ್ ಕುಮಾರ್ ಅವರಿಗೆ ಟಿಕೆಟ್ ಸಿಕ್ತು, ಎದುರಿಗೆ 90 ದಾಟಿದ ಅದೇ ಶಾಮನೂರು ಅಜ್ಜಾರು, ಅಂತರ 27,888.

ಈಗ ವೋಟು ನೋಡ್ರಿ. ನಮಗೆ 2008ರಲ್ಲಿ 35,317, 2018ರಲ್ಲಿ 55,485, 2023ರಲ್ಲಿ 56,410. 2013 ಬಿಟ್ರೆ ಒಂದ್ಸಲಾನೂ ಕಮ್ಮಿ ಆಗಿಲ್ಲ! ಆದ್ರೂ ಈ ಮೂರು ಸಲ ಸೋಲಿನ ಅಂತರ ಬೆಳೀತಾನೇ ಬಂತು. ಕ್ಯಾಂಡಿಡೇಟ್ ಸರಿ ಇಲ್ಲ, ದುಡ್ಡು ಬಿಚ್ಚಲಿಲ್ಲ ಅಂತ ನಮ್ಮೋರು ಹೇಳ್ಕೊಂಡು ತಿರುಗ್ತಾರೆ, ಕ್ಯಾಂಡಿಡೇಟ್ ಬದಲಾಯಿಸಿದ್ರೂ ಹೆಚ್ಚಾಗಿದ್ದು ಸಾವಿರದ ಹತ್ರ ವೋಟು ಅಷ್ಟೇ. ನಮಗೆ ಬೀಳೋ ಮನೆಗಳಿಗೇ ಹೋಗಿ ಹೋಗಿ ಕರಪತ್ರ ಕೊಡ್ತೀವಿ, ಬೀಳದೇ ಇರೋ ಓಣಿಗೆ ಕಾಲೇ ಇಡಲ್ಲ, ಇದು ನನ್ ಅಭಿಪ್ರಾಯ. ಕರಪತ್ರದ ಮ್ಯಾಟ್ರು ಕೂಡ ಅದೇ, 2008ರಲ್ಲೂ "ಪ್ರಚಂಡ ಬಹುಮತದಿಂದ ಆರಿಸಿ ತರಬೇಕಾಗಿ ವಿನಂತಿ", 2023ರಲ್ಲೂ ಅದೇ ವಿನಂತಿ.

ಸರಿ ಪ್ರೆಸ್ ವಿಷಯಕ್ಕೆ ಬರ್ತೀನಿ. ಇಲ್ಲಿ ಕಾಗದಪತ್ರ ಬಲು ಕರೆಕ್ಟು. ಪ್ರಕಾಶಕರು ಯಾರು ಅಂತ ಡಿಕ್ಲರೇಶನ್ ಎರಡು ಪ್ರತಿ, ಅದಕ್ಕೆ ಪರಿಚಯಸ್ಥರು ಇಬ್ರ ಸೈನು, ಇದಿಲ್ದೆ ಪ್ಲೇಟೇ ಹಾಕಲ್ಲ. "ಅಣ್ಣಾರೆ ಅರ್ಜೆಂಟ್ ಐತಿ, ಸೈನು ನಾಳೆ ತರ್ತೀನಿ" ಅಂದ್ರೆ "ಹಂಗಾದ್ರೆ ಪ್ರಿಂಟೂ ನಾಳೆನೇ ತಮ್ಮಾ" ಅಂತಾರೆ. ಕೆಳಗೆ ಸಣ್ಣಕ್ಷರದಲ್ಲಿ ಮುದ್ರಕರು, ಪ್ರಕಾಶಕರ ಹೆಸರು ವಿಳಾಸ, ಎಷ್ಟು ಪ್ರತಿ ಅಂತ ಬರುತ್ತಲ್ಲ, ಆ ಸಾಲನ್ನ ಭೂತಗನ್ನಡಿ ಹಿಡ್ದು ಓದಿ, ಹೆಬ್ಬೆಟ್ಟಲ್ಲಿ ಉಜ್ಜಿ ಇಂಕ್ ಮೆತ್ತಲ್ಲ ಅಂತ ಖಾತ್ರಿ ಮಾಡ್ಕೊಂಡೇ ಬಂಡಲ್ ಕಟ್ಟೋದು. ಅಸೆಂಬ್ಲಿ ಎಲೆಕ್ಷನ್ನಿಗೆ ಈ ಡಿಕ್ಲರೇಶನ್ನು, ಹೆಸರು ವಿಳಾಸ ಕೇಳೋದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ನು, ತಪ್ಪಿದ್ರೆ ಆರು ತಿಂಗಳವರ್ಗೂ ಜೈಲು ಐತಿ, ಎಷ್ಟೋ ಪ್ರೆಸ್ಸೋರು ತಲೆಗೇ ಹಾಕ್ಕೊಳ್ಳಲ್ಲ.

ಬಿಲ್ಲೂ ಅಷ್ಟೇ, ಡೇಟು, ಪ್ರತಿ, ರೇಟು ಎಲ್ಲಾ ಸರಿಯಾಗಿ ಬರ್ದು ಕೊಡ್ತಾರೆ. ಅಸೆಂಬ್ಲಿ ಖರ್ಚಿನ ಮಿತಿ 2018ರಲ್ಲಿ 28 ಲಕ್ಷ ಇತ್ತು, 2023ಕ್ಕೆ 40 ಲಕ್ಷ ಆಯ್ತು, ರಿಸಲ್ಟ್ ಬಂದು 30 ದಿನದೊಳಗೆ ಸೋತೋರೂ ಲೆಕ್ಕ ಕೊಡ್ಲೇಬೇಕು, ಕೊಡದಿದ್ರೆ ಮೂರು ವರ್ಷ ಅನರ್ಹ ಮಾಡಬಹುದು. ಗೆದ್ದೋರ ಮನೇಲಿ ಬಿಲ್ ಹುಡುಕೋಕೆ ಹತ್ತು ಜನ ಇರ್ತಾರೆ, ಸೋತ ಮಾರನೇ ದಿನ ನಮ್ ಆಫೀಸಲ್ಲಿ ಫ್ಯಾನ್ ಹಾಕೋರೂ ಇರಲ್ಲ, ಆಗ ಗೊತ್ತಾಗುತ್ತೆ ಇಂಥ ಬಿಲ್ಲಿನ ಬೆಲೆ.

ಬೇಜಾರಾಗೋ ವಿಷಯಾನೂ ಅದಾವೆ. ಫೋಟೋ ಕಲರ್ ಸುಮಾರು, ಎಲ್ಲಾ ಕ್ಯಾಂಡಿಡೇಟಿಗೂ ಮುಖಕ್ಕೆ ರೋಸ್ ಪೌಡರ್ ಬಳಿದಂಗೆ ಬರುತ್ತೆ. ರೇಟು ಸ್ವಲ್ಪ ಜಾಸ್ತಿ, ಅರ್ಧ ಅಡ್ವಾನ್ಸ್ ಇಡ್ಲೇಬೇಕು, ಪಾರ್ಟಿ ಹೆಸ್ರಲ್ಲಿ ಸಾಲ ಸುತಾರಾಂ ಇಲ್ಲ. ಪ್ಲಾಸ್ಟಿಕ್ ಫ್ಲೆಕ್ಸ್ ಕೇಳಬೇಡ್ರಿ, 2016ರಿಂದ ಬ್ಯಾನ್ ಆಗಿರೋದು, ಬಟ್ಟೆ ಬ್ಯಾನರ್ ಮಾಡಿಸ್ಕೊಡ್ತಾರೆ.

ನಾಮಪತ್ರ ಶುರು ಆಗೋ ಮುಂಚೆನೇ ಮ್ಯಾಟ್ರು ಕೊಟ್ಬಿಡ್ರಿ, ಆಮೇಲೆ ಹೋದ್ರೆ ನಿಂತ್ಕೊಳ್ಳೋಕೂ ಜಾಗ ಇರಲ್ಲ. ಕಾರ್ ತರಬೇಡ್ರಿ, ಬೈಕೇ ವಾಸಿ. 5ಕ್ಕೆ 4 ಕೊಡ್ತೀನಿ, ಒಂದು ಕಟ್ ಮಾಡಿದ್ದು ಆ ಫೋಟೋ ಕಲರಿಗೆ.