ಕಿಡ್ನಿ ಕಲ್ಲು: ಕಾಯೋದಾ, ಒಡೆಸೋದಾ, ತೆಗೆಸೋದಾ?

ಕಲ್ಲು 5 ಮಿಲಿಮೀಟರಿಗಿಂತ ಚಿಕ್ಕದಾ? ಜ್ವರ ಇಲ್ಲ, ನೋವು ತಡೆಯಬಹುದು ಅಂದರೆ ಕಾಯುವುದೇ ವಾಸಿ. ಹೆಚ್ಚಿನವು ಕೆಲವು ವಾರಗಳಲ್ಲಿ ತಾವಾಗಿಯೇ ಹೋಗುತ್ತವೆ. ಮೂತ್ರವನ್ನು ಜರಡಿಯಲ್ಲಿ ಸೋಸಿ. ಸಾಸಿವೆಯಷ್ಟು ಕಂದು ಚೂರು ಸಿಕ್ಕರೆ ಎಸೆಯಬೇಡಿ, ಲ್ಯಾಬಿಗೆ ಕೊಡಿ. ಯಾವ ಬಗೆಯ ಕಲ್ಲು ಅಂತ ಗೊತ್ತಾಗುತ್ತದೆ.

ದೊಡ್ಡದಾದರೆ ಮುಖ್ಯವಾಗಿ ಎರಡು ದಾರಿ. ಶಾಕ್‌ವೇವ್ 1980ರಲ್ಲಿ ಜರ್ಮನಿಯಲ್ಲಿ ಶುರುವಾದದ್ದು. ಹೊರಗಿನಿಂದಲೇ ಅಲೆ ಬಿಟ್ಟು ಪುಡಿ ಮಾಡುತ್ತಾರೆ. ಕೊಯ್ಯುವುದಿಲ್ಲ, ಸಾಮಾನ್ಯವಾಗಿ ಅದೇ ದಿನ ಮನೆಗೆ. ಆದರೆ ಚೂರುಗಳು ಆಮೇಲೆ ತಾವೇ ಇಳಿದು ಬರಬೇಕು, ಆಗ ನೋವು ಇದ್ದದ್ದೇ. ಗಟ್ಟಿ ಕಲ್ಲಾದರೆ ಇನ್ನೊಂದು ಸಲ ಹೋಗಬೇಕಾದೀತು. ಗರ್ಭಿಣಿಯರಿಗಂತೂ ಬೇಡವೇ ಬೇಡ.

ಯುರೆಟೆರೋಸ್ಕೋಪಿಯಲ್ಲಿ ಮೂತ್ರದ ದಾರಿಯಿಂದಲೇ ತೆಳ್ಳನೆಯ ಕೊಳವೆ ತೂರಿಸಿ ಲೇಸರಿನಿಂದ ಒಡೆಯುತ್ತಾರೆ. ಅರಿವಳಿಕೆ ಬೇಕು. ಒಂದೇ ಸಲಕ್ಕೆ ಕೆಲಸ ಮುಗಿಯುವ ಸಾಧ್ಯತೆ ಜಾಸ್ತಿ. ಕಿರಿಕಿರಿಯೆಲ್ಲ ಸ್ಟೆಂಟಿನದು, ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ನಾಳದೊಳಗೆ ಇಡುವ ಸಣ್ಣ ಕೊಳವೆಯದು: ಹಾಕಿದರೆ ಕೆಲವು ದಿನ ಒಳಗೇ ಇದ್ದು, ಸುಮ್‌ಸುಮ್ನೆ ಬಾತ್‌ರೂಮಿಗೆ ಓಡಿಸುತ್ತದೆ. ಕಲ್ಲು ನಾಳದಲ್ಲಿ ಸಿಕ್ಕಿಕೊಂಡಿದ್ದರೆ ನನ್ನ ಓಟು ಇದಕ್ಕೇ.

2 ಸೆಂಟಿಮೀಟರ್ ದಾಟಿದ ಕಿಡ್ನಿ ಕಲ್ಲಿಗೆ ಬೇರೆಯದೇ ಆಪರೇಷನ್, ಬೆನ್ನಿನ ಕಡೆಯಿಂದ ಸಣ್ಣ ತೂತು ಮಾಡಿ.

ನೋವಿನ ಜೊತೆ ಚಳಿಜ್ವರ ಬಂತಾ? ಆಗ ಹೋಲಿಸುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.