ಎರಡು ಗಂಟೆಯೋ ಹನ್ನೆರಡು ಗಂಟೆಯೋ: ಸ್ವಂತವಾಗಿ ಫ್ರೆಂಚ್ ಉಚ್ಚಾರಣೆ ಕಲಿಯುವವರಿಗೆ ಆರ್‌ಎಫ್‌ಐಯ ಸುಲಭ ಫ್ರೆಂಚ್ ವಾರ್ತೆ

ಬೆಳಗಾವಿಯ ಉದ್ಯಮಬಾಗಿನಲ್ಲಿ ಹೈಡ್ರಾಲಿಕ್ ವಾಲ್ವುಗಳ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ತಪಾಸಣೆ ವಿಭಾಗವನ್ನು ನೋಡಿಕೊಳ್ಳುತ್ತೇನೆ. ನಮ್ಮ ಗಿರಾಕಿಗಳಲ್ಲಿ ಒಬ್ಬರು ದಕ್ಷಿಣ ಫ್ರಾನ್ಸಿನ ತುಲೂಸ್ ನಗರದವರು. ಪತ್ರವ್ಯವಹಾರವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತದೆಯಾದರೂ, ಅಲ್ಲಿ ಯಂತ್ರದ ಮುಂದೆ ನಿಂತು ಕೆಲಸ ಮಾಡುವವರೊಂದಿಗೆ ಫೋನಿನಲ್ಲಿ ಮಾತನಾಡಬೇಕಾದಾಗ ಫ್ರೆಂಚ್ ಬೇಕೇ ಆಗುತ್ತದೆ. ಕಳೆದ ಜೂನ್ ತಿಂಗಳಿನಲ್ಲಿ ಅವರು, ನಾಳೆ ಎರಡು ಗಂಟೆಗೆ ಮಾತನಾಡೋಣ ಎಂದದ್ದನ್ನು ನಾನು ಹನ್ನೆರಡು ಗಂಟೆ ಎಂದು ಕೇಳಿಸಿಕೊಂಡೆ. ಅಲ್ಲಿನ ಬೇಸಿಗೆಯಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಮೂರೂವರೆ ಗಂಟೆ ಮುಂದಿರುತ್ತದೆ. ಮಧ್ಯಾಹ್ನ 3:30ಕ್ಕೆ ಡ್ರಾಯಿಂಗುಗಳನ್ನು ಮೇಜಿನ ಮೇಲೆ ಹರಡಿಕೊಂಡು ನಾವು ನಾಲ್ವರು ಕಾದು ಕುಳಿತೆವು. 5:30ಕ್ಕೆ ಫೋನ್ ಬಂದಾಗ ಇಬ್ಬರ ಪಾಳಿ ಮುಗಿದು, ಅವರು ಮನೆಗೆ ಹೊರಟುಹೋಗಿದ್ದರು.

ಫ್ರೆಂಚಿನಲ್ಲಿ 'ಎರಡು ಗಂಟೆ' ಮತ್ತು 'ಹನ್ನೆರಡು ಗಂಟೆ' ಎಂಬ ಮಾತುಗಳ ನಡುವೆ ಇರುವುದು ಒಂದೇ ಒಂದು ಸ್ವರದ ಅಂತರ. ಹನ್ನೆರಡನ್ನು ಹೇಳುವಾಗ 'ದುಜ಼ರ್' ಎಂಬಂತೆ ನಮ್ಮ ಉಕಾರವೇ ಬರುತ್ತದೆ. ಎರಡನ್ನು ಹೇಳುವಾಗ ಆ ಉಕಾರದ ಜಾಗದಲ್ಲಿ, ನಾಲಿಗೆಯನ್ನು ಏಕಾರಕ್ಕೆ ಇಟ್ಟು ತುಟಿಯನ್ನು ಓಕಾರಕ್ಕೆ ದುಂಡಗೆ ಮಾಡಿದಾಗ ಹುಟ್ಟುವ ಸ್ವರ ಬರುತ್ತದೆ. ಆ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ, ಹಾಗಾಗಿ ನನ್ನ ಕಿವಿಯಲ್ಲಿಯೂ ಅದಕ್ಕೆ ಜಾಗವಿರಲಿಲ್ಲ. ಅಂದಿನಿಂದ ಉಚ್ಚಾರಣೆಯನ್ನೇ ಬೇರೆಯಾಗಿ ಕಲಿಯಬೇಕೆಂದು ನಿಶ್ಚಯಿಸಿದೆ. ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾಂಸೇಸ್ ಸಂಸ್ಥೆ ಇರುವ ಬೆಂಗಳೂರು ಇಲ್ಲಿಂದ ಸುಮಾರು 500 ಕಿಲೋಮೀಟರ್ ದೂರ. ಪಾಳಿಯ ಕೆಲಸದಲ್ಲಿರುವವನಿಗೆ ನಿಗದಿತ ವೇಳೆಯ ತರಗತಿ ಆನ್‌ಲೈನಿನಲ್ಲಿಯೂ ಒಗ್ಗುವುದಿಲ್ಲ. ಹೀಗಾಗಿ ಎಂಟು ತಿಂಗಳಿನಿಂದ ನನಗೆ ಗುರುವಾಗಿರುವುದು ಆರ್‌ಎಫ್‌ಐ ರೇಡಿಯೊದ ಸುಲಭ ಫ್ರೆಂಚ್ ವಾರ್ತೆ. ಉಚ್ಚಾರಣೆ ಕಲಿಯಲು ಅದು ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆರ್‌ಎಫ್‌ಐ ಎಂಬುದು, ಅಂದರೆ ರೇಡಿಯೊ ಫ್ರಾನ್ಸ್ ಅಂತೆರ್ನಾಸ್ಯೊನಾಲ್, 1975ರಿಂದ ಆ ಹೆಸರಿನಲ್ಲಿರುವ, ಫ್ರಾನ್ಸಿನ ಸಾರ್ವಜನಿಕ ಅಂತರರಾಷ್ಟ್ರೀಯ ರೇಡಿಯೊ. 'ಜುರ್ನಾಲ್ ಆಂ ಫ್ರಾಂಸೆ ಫಸೀಲ್', ಅಂದರೆ ಸುಲಭ ಫ್ರೆಂಚಿನ ವಾರ್ತೆ, ಹತ್ತು ನಿಮಿಷದ ಕಾರ್ಯಕ್ರಮ. ಆ ದಿನದ ನಿಜವಾದ ಸುದ್ದಿಯನ್ನೇ ಓದುತ್ತಾರೆ, ಕಠಿಣವಾದ ಪದ ಬಂದಾಗ ಅದನ್ನು ಅಲ್ಲಿಯೇ ಸರಳ ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ಕೇಳುವುದಕ್ಕೆ ಹಣ ಕೊಡಬೇಕಾಗಿಲ್ಲ. ನನ್ನ ಪಾಲಿಗೆ ಇವೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು, ಧ್ವನಿಯ ಜೊತೆಗೆ ದೊರೆಯುವ ಅದರ ಅಕ್ಷರರೂಪ. ಫ್ರೆಂಚಿನಲ್ಲಿ ಬರೆದದ್ದಕ್ಕೂ ನುಡಿದದ್ದಕ್ಕೂ ಇರುವ ಅಂತರ ಎಷ್ಟೆಂಬುದು ಎರಡನ್ನೂ ಒಟ್ಟಿಗೆ ಇಟ್ಟುಕೊಂಡಾಗಲೇ ಗೊತ್ತಾಗುತ್ತದೆ. ಬರೆದಂತೆ ಓದುವ ಕನ್ನಡದಿಂದ ಹೋದವರಿಗೆ ಮೊದಲು ಬಿಡಬೇಕಾದ ಅಭ್ಯಾಸವೂ ಅದೇ.

ನಾನು ಮಾಡುವುದಿಷ್ಟು. ಹಿಂದಿನ ದಿನದ ವಾರ್ತೆಯ ಅಕ್ಷರರೂಪವನ್ನು ಆರ್‌ಪಿಡಿ ಕ್ರಾಸಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತೇನೆ. ಹತ್ತು ನಿಮಿಷವನ್ನೂ ಹಿಡಿಯಲು ಹೋಗದೆ ಒಂದೇ ನಿಮಿಷದ ಭಾಗವನ್ನು ಆರಿಸಿಕೊಂಡು, ಮತ್ತೆ ಮತ್ತೆ ಕೇಳುತ್ತಾ, ಕಿವಿಗೆ ಬೀಳದ ಅಕ್ಷರಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕುತ್ತೇನೆ. ಒಂದು ಪದದ ಕೊನೆ ಮುಂದಿನ ಪದಕ್ಕೆ ಅಂಟಿಕೊಂಡಲ್ಲಿ ಕೆಳಗೆ ಕಮಾನು ಎಳೆಯುತ್ತೇನೆ. ಬಳಿಕ ವಾರ್ತೆ ಓದುವವರ ಬೆನ್ನಿಗೇ, ಅವರು ನಿಲ್ಲಿಸಿದಲ್ಲಿ ನಿಲ್ಲಿಸಿ, ಗಟ್ಟಿಯಾಗಿ ಓದುತ್ತೇನೆ. ಕೊನೆಗೆ ಮೊಬೈಲಿನಲ್ಲಿ ನನ್ನ ಧ್ವನಿಯನ್ನು ರೆಕಾರ್ಡ್ ಮಾಡಿ ಅವರ ಧ್ವನಿಯ ಪಕ್ಕದಲ್ಲಿಟ್ಟು ಕೇಳುತ್ತೇನೆ. ಈ ಕೊನೆಯ ಹಂತವನ್ನು ಬಿಟ್ಟ ದಿನಗಳ ಶ್ರಮ ಹೆಚ್ಚುಕಡಿಮೆ ವ್ಯರ್ಥವಾಯಿತೆಂದೇ ಹೇಳಬೇಕು, ಏಕೆಂದರೆ ಮಾತನಾಡುತ್ತಿರುವಾಗ ನಮ್ಮ ಕಿವಿ ನಮ್ಮ ತಪ್ಪನ್ನು ಕೇಳಿಸಿಕೊಳ್ಳುವುದಿಲ್ಲ.

ಕಮಾನು ಎಳೆಯುವ ಕೆಲಸದಲ್ಲಿ ನನಗೆ ನೆರವಾದದ್ದು ಶಾಲೆಯಲ್ಲಿ ಕಲಿತ ಸಂಧಿ ಪ್ರಕರಣ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಉಕಾರ ಬಿದ್ದುಹೋಗುವಂತೆ, ಫ್ರೆಂಚಿನ 'ಲ' ಎಂಬ ನಿರ್ದೇಶಕ ಪದ 'ಆಮಿ', ಅಂದರೆ ಗೆಳೆಯ, ಎಂಬುದರ ಮುಂದೆ ಬಂದಾಗ ತನ್ನ ಸ್ವರವನ್ನು ಕಳೆದುಕೊಂಡು 'ಲಾಮಿ' ಎಂದಾಗುತ್ತದೆ, ಇದು ಲೋಪ. 'ಅವನಲ್ಲಿ ಇದೆ' ಎಂಬರ್ಥದ 'ಇಲ್ ಆ' ಎಂಬುದನ್ನು ಪ್ರಶ್ನೆಗಾಗಿ ತಿರುಗಿಸಿದಾಗ ಎರಡು ಸ್ವರಗಳ ನಡುವೆ ಎಲ್ಲಿಯೂ ಇರದಿದ್ದ ತಕಾರ ಬಂದು ಸೇರಿ 'ಆತಿಲ್' ಎಂದಾಗುತ್ತದೆ. ಮನೆಯನ್ನು ಎಂಬಲ್ಲಿನ ಯಕಾರದಂತೆ ಇದು ಆಗಮ. ಒಂಬತ್ತು ಎಂಬರ್ಥದ 'ನೆಫ್' ಗಂಟೆಯೊಡನೆ ಕೂಡಿದಾಗ ಫಕಾರ ಮೆದುವಾಗಿ 'ನೆವರ್' ಆಗುತ್ತದೆ. ಮಳೆಗಾಲದಲ್ಲಿ ಕಕಾರ ಗಕಾರವಾಗುವುದನ್ನು ಬಲ್ಲವರಿಗೆ ಇದು ಹೊಸತೇನಲ್ಲ. ಆದರೆ 'ಮಕ್ಕಳು' ಎಂಬರ್ಥದ 'ಲೆಜ಼ಾಂಫಾಂ' ಎಂಬಲ್ಲಿ ಕೇಳಿಸುವ ಜ಼ಕಾರವನ್ನು ಆಗಮವೆನ್ನಲಾಗದು. 'ಲೆ' ಎಂಬ ಬಹುವಚನದ ಬರವಣಿಗೆಯಲ್ಲಿ ಕೊನೆಗೆ ಒಂದು ಸಕಾರವಿದ್ದೇ ಇರುತ್ತದೆ. ಮುಂದೆ ಸ್ವರ ಬಂದಾಗ ಮಾತ್ರ ಅದು ಜ಼ಕಾರವಾಗಿ ಎಚ್ಚರಗೊಳ್ಳುತ್ತದೆ, ಇಲ್ಲವಾದರೆ ಮಲಗಿರುತ್ತದೆ. ಎಚ್ಚರಗೊಳ್ಳಬಾರದ ಕಡೆಯೂ ಇದೆ. 'ವೀರರು' ಎಂಬರ್ಥದ 'ಲೆ ಎರೊ' ಎಂಬಲ್ಲಿ ಎರಡು ಪದಗಳನ್ನು ಬಿಡಿಯಾಗಿಯೇ ಇಡಬೇಕು. ಕೂಡಿಸಿ 'ಲೆಜ಼ೆರೊ' ಎಂದರೆ 'ಸೊನ್ನೆಗಳು' ಎಂಬ ಅರ್ಥ ಬಂದುಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ವಾರ್ತೆ ಓದುವವರು ಐಚ್ಛಿಕವಾದ ಕೂಡುವಿಕೆಗಳನ್ನು ದಿನಬಳಕೆಯ ಮಾತಿಗಿಂತ ಹೆಚ್ಚಾಗಿ ಪಾಲಿಸುತ್ತಾರೆ. ಅವರನ್ನು ಅಕ್ಷರಶಃ ಅನುಸರಿಸಿದರೆ ಮಾತು ತಪ್ಪಾಗುವುದಿಲ್ಲ, ಆದರೆ ಸಂತೆಯಲ್ಲಿ ಗ್ರಾಂಥಿಕ ಕನ್ನಡ ಆಡಿದಂತೆ ಕೇಳುತ್ತದೆ. 'ನನಗೆ ಗೊತ್ತಿಲ್ಲ' ಎಂಬುದು ಆಡುಮಾತಿನಲ್ಲಿ ಸವೆದು 'ಶೆಪಾ' ಎಂದಾಗುವುದನ್ನು ಈ ವಾರ್ತೆಯಿಂದ ಕಲಿಯುವುದು ಕಷ್ಟ.

ವಾರ್ತೆಯಿಂದ ನನಗಾದ ದೊಡ್ಡ ಲಾಭ ಲಯದ್ದು. ನಾವು ಕನ್ನಡದವರು ಪದದ ಮೊದಲಕ್ಷರಕ್ಕೆ ಒತ್ತು ಕೊಟ್ಟು ಹೊರಡುತ್ತೇವೆ. ಫ್ರೆಂಚಿನವರು ಪದಗಳ ಗುಂಪನ್ನು ಒಂದೇ ಸಮನಾಗಿ ನಡೆಸಿಕೊಂಡು ಹೋಗಿ, ಗುಂಪಿನ ಕೊನೆಯ ಅಕ್ಷರವನ್ನು ಎಳೆಯುತ್ತಾರೆ. ಪದದ ಕೊನೆಗೆ ಉಕಾರ ಸೇರಿಸಿ ಬಸ್ಸು, ಕಾರು ಎನ್ನುವ ನಮ್ಮ ರೂಢಿಯೂ ಅಲ್ಲಿ ಅಡ್ಡಿಯಾಗುತ್ತದೆ. ಮೂರನೆಯ ತಿಂಗಳಿನ ಹೊತ್ತಿಗೆ ಈ ಎರಡೂ ದೋಷಗಳು ನನ್ನ ರೆಕಾರ್ಡಿಂಗಿನಲ್ಲಿ ಕಡಿಮೆಯಾದವು, ಅದಕ್ಕೆ ಬೇರೆ ಯಾವ ಪಾಠವೂ ಬೇಕಾಗಲಿಲ್ಲ.

ಬಿಡಿ ಧ್ವನಿಗಳ ವಿಷಯ ಹಾಗಲ್ಲ. ಸಾಂಪ್ರದಾಯಿಕ ಎಣಿಕೆಯಂತೆ ಫ್ರೆಂಚಿನಲ್ಲಿ 16 ಸ್ವರಗಳು, 17 ವ್ಯಂಜನಗಳು, 3 ಅರೆಸ್ವರಗಳು ಇವೆ. ವ್ಯಂಜನಗಳಲ್ಲಿ ನಮಗೆ ಕೆಲವು ಹುಟ್ಟಿನಿಂದಲೇ ದಕ್ಕಿವೆ. ಫ್ರೆಂಚಿನ ತಕಾರ, ದಕಾರಗಳು ನಮ್ಮ ದಂತ್ಯ ತ, ದಗಳೇ ಆಗಿವೆ. ಆದರೂ ಇಂಗ್ಲಿಷಿನ ಅಭ್ಯಾಸದಿಂದ ಅಲ್ಲಿ ಟ, ಡಗಳನ್ನು ತುರುಕಿ 'ತಾಬ್ಲ್' ಎನ್ನಬೇಕಾದುದನ್ನು ನಾನು ಬಹಳ ಕಾಲ 'ಟಾಬ್ಲ್' ಎನ್ನುತ್ತಿದ್ದೆ. ಇಂಗ್ಲಿಷನ್ನು ಮರೆತು ಕನ್ನಡವನ್ನು ನೆನೆದರೆ ಸಾಕಿತ್ತು ಎಂಬುದು ತಡವಾಗಿ ಹೊಳೆಯಿತು. ಸ್ವರಗಳಲ್ಲಿ ಮಾತ್ರ ವಾರ್ತೆ ಕೈ ಹಿಡಿಯುವುದಿಲ್ಲ. 'ಮೇಲೆ' ಮತ್ತು 'ಕೆಳಗೆ' ಎಂಬ ಅರ್ಥದ ಎರಡು ಫ್ರೆಂಚ್ ಪದಗಳನ್ನು ಕನ್ನಡದಲ್ಲಿ ಬರೆದರೆ ಎರಡೂ 'ದಸು' ಎಂದೇ ಆಗುತ್ತವೆ. 'ಕೆಳಗೆ' ಎಂಬುದರಲ್ಲಿ ನಮ್ಮ ಉಕಾರವಿದೆ. 'ಮೇಲೆ' ಎಂಬುದರಲ್ಲಿ ನಾಲಿಗೆ ಇಕಾರದ ಸ್ಥಾನದಲ್ಲಿ ಮುಂದಿದ್ದು ತುಟಿ ಮಾತ್ರ ಉಕಾರದಂತೆ ಮುಚ್ಚಿಕೊಳ್ಳುತ್ತದೆ. ಅಳತೆ ಮೇಲಿನ ಮಿತಿಯನ್ನು ಮೀರಿದೆಯೋ ಕೆಳಗಿನದನ್ನೋ ಎಂದು ತಿಳಿಸಬೇಕಾದ ತಪಾಸಣೆಯವನಿಗೆ ಇದು ಸಣ್ಣ ವಿಷಯವಲ್ಲ. ಓಡುವ ವಾರ್ತೆಯಲ್ಲಿ ಇಂತಹ ಜೋಡಿ ಒಟ್ಟಿಗೆ ಸಿಗುವುದೇ ಇಲ್ಲ, ಸಿಕ್ಕರೂ ಕಿವಿ ಅದನ್ನು ಹಿಡಿಯುವುದರೊಳಗೆ ಮಾತು ಮುಂದೆ ಹೋಗಿರುತ್ತದೆ.

ಅದಕ್ಕಾಗಿ ನಾನು ಫೊರ್ವೊ ಜಾಲತಾಣವನ್ನು ಜೊತೆಗಿಟ್ಟುಕೊಂಡೆ. ಅಲ್ಲಿ ಒಂದೊಂದು ಪದವನ್ನೂ ಆ ಭಾಷೆಯವರೇ ನುಡಿದು ಸೇರಿಸಿರುತ್ತಾರೆ. ನುಡಿದವರು ಯಾವ ದೇಶದವರೆಂಬುದೂ ಕಾಣುತ್ತದೆ. ಒಂದೇ ಪದವನ್ನು ನಾಲ್ಕೈದು ಜನರ ಬಾಯಲ್ಲಿ ಕೇಳಿ, ಕನ್ನಡಿಯ ಮುಂದೆ ನಿಂತು ಇಕಾರವನ್ನು ಹಿಡಿದಿಟ್ಟುಕೊಂಡೇ ತುಟಿಯನ್ನು ಮೆಲ್ಲಗೆ ದುಂಡಗೆ ಮಾಡುವ ಅಭ್ಯಾಸದಿಂದ ಆ ಸ್ವರ ನನಗೆ ಎರಡು ವಾರದಲ್ಲಿ ಬಂತು. ಅದಕ್ಕೂ ಮೊದಲು ಒಂದು ವರ್ಷಕ್ಕೆ ಹಣ ಕಟ್ಟಿ ಪಡೆದಿದ್ದ ಆ್ಯಪೊಂದು ನನ್ನ ಉಚ್ಚಾರಣೆಗೆ ಪ್ರತಿದಿನವೂ ಪೂರ್ಣಾಂಕ ಕೊಡುತ್ತಿತ್ತು. ಸಂಶಯ ಬಂದು ಒಂದು ದಿನ 'ಮೇಲೆ' ಎನ್ನಬೇಕಾದಲ್ಲಿ ಬೇಕೆಂದೇ 'ಕೆಳಗೆ' ಎಂದೆ. ಆಗಲೂ ಪೂರ್ಣಾಂಕವೇ ಬಂತು. ಮಾತನ್ನು ಗುರುತಿಸುವ ತಂತ್ರಾಂಶವು ಸುತ್ತಲಿನ ಪದಗಳನ್ನು ನೋಡಿ ಮುಂದಿನದನ್ನು ಊಹಿಸುವಂತೆ ರೂಪುಗೊಂಡಿರುತ್ತದೆ. ಅರ್ಥ ಹಿಡಿಯುವುದಕ್ಕೆ ಅದು ಒಳ್ಳೆಯದು, ತಪ್ಪು ಹಿಡಿಯುವುದಕ್ಕೆ ಅದನ್ನು ನಂಬಬಾರದು.

ರಕಾರವನ್ನು ನನಗೆ ಕಲಿಸಿದ್ದು ಫ್ರಾನ್ಸಿನವರಲ್ಲ, ನಮ್ಮ ಕಾರ್ಖಾನೆಯ ಹಿರಿಯ ಟರ್ನರ್. ವಿಜಯಪುರದವರು, ಮನೆಮಾತು ದಖನಿ ಉರ್ದು, ಗ಼ಜಲ್ ಎಂದರೆ ಪ್ರಾಣ. ಫ್ರೆಂಚಿನ ರಕಾರದಲ್ಲಿ ನಾಲಿಗೆಯ ತುದಿಗೆ ಕೆಲಸವೇ ಇಲ್ಲ. ನಾಲಿಗೆಯ ಬುಡ ಕಿರುನಾಲಿಗೆಯ ಹತ್ತಿರ ಹೋಗಿ, ಆ ಇಕ್ಕಟ್ಟಿನಲ್ಲಿ ಉಸಿರು ಉಜ್ಜಿಕೊಂಡು ಹೊರಬರುತ್ತದೆ. ನಾನು ಗಂಟಲು ಕೆರೆದುಕೊಳ್ಳುತ್ತಿದ್ದುದನ್ನು ಊಟದ ಹೊತ್ತಿನಲ್ಲಿ ಕೇಳಿದ ಚಾಚಾ, "ಗಂಟಲಾ ತಿಕ್ಕಬ್ಯಾಡ್ರಿ ಸರ, ಗ಼ಜಲ್ ಅನ್ನೂ ಮುಂದ ಗ಼ ಅಂತೀವಲ್ಲ, ಹಂಗ ಉಸುರು ಸಲೀಸ ಹೊರಗ ಬಿಡ್ರಿ" ಎಂದರು. ಉರ್ದುವಿನ ಆ ಧ್ವನಿ ಫ್ರೆಂಚಿನ ರಕಾರಕ್ಕೆ ಬಹಳ ಹತ್ತಿರದ್ದು. ಬೆಳಗಾವಿ, ವಿಜಯಪುರಗಳಲ್ಲಿ ಈ ಧ್ವನಿಯನ್ನು ಶುದ್ಧವಾಗಿ ನುಡಿಯುವವರು ನೆರೆಯಲ್ಲಿಯೇ ಇರುವಾಗ ಅದನ್ನು ವಿಡಿಯೊಗಳಲ್ಲಿ ಹುಡುಕುತ್ತಾ ನಾನು ಕಳೆದ ವಾರಗಳ ಬಗ್ಗೆ ಬೇಸರವಾಗುತ್ತದೆ.

ಇನ್ನು ಅನುನಾಸಿಕ ಸ್ವರಗಳು. ಕನ್ನಡದ ಅನುಸ್ವಾರ ಮುಂದಿನ ವ್ಯಂಜನದ ವರ್ಗಕ್ಕೆ ಹೊಂದಿಕೊಳ್ಳುತ್ತದೆ. ಕಂಪು ಎನ್ನುವಾಗ ತುಟಿ ಮುಚ್ಚುತ್ತದೆ, ಗಂಟೆ ಎನ್ನುವಾಗ ನಾಲಿಗೆ ಮೇಲಕ್ಕೆ ತಾಗುತ್ತದೆ. ಫ್ರೆಂಚಿನ 'ಬೊಂ' ಎಂಬಲ್ಲಿ ತುಟಿ ಮುಚ್ಚಬಾರದು, ನಾಲಿಗೆ ಎಲ್ಲಿಯೂ ತಾಗಬಾರದು, ಸ್ವರವೇ ಮೂಗಿನಿಂದಲೂ ಹೊರಡಬೇಕು. ಇದು ನಮಗೆ ಬಾರದ ವಿದ್ಯೆಯಲ್ಲ. ಮಾತು ಕೇಳಿಸದಿದ್ದಾಗ ನಾವು "ಆಂ?" ಎಂದು ಮರುಪ್ರಶ್ನಿಸುವ ಸ್ವರ ಅಂತಹುದೇ. ಕೊಂಕಣಿ ಬಲ್ಲವರಿಗಂತೂ ಇದು ಮನೆಯ ಮಾತು.

ಆದರೆ ಈ ವಿಷಯದಲ್ಲಿ ವಾರ್ತೆಯ ಒಂದು ಮಿತಿ ನನ್ನನ್ನು ನೇರವಾಗಿ ತಟ್ಟಿತು. ವಾರ್ತೆ ಓದುವವರದು ಬಹುಮಟ್ಟಿಗೆ ಪ್ಯಾರಿಸ್ ಕಡೆಯ ಶಿಷ್ಟ ನುಡಿ. ತುಲೂಸಿನ ಸೀಮೆಯ ಅನೇಕರು ಅನುನಾಸಿಕ ಸ್ವರದ ಬೆನ್ನಿಗೆ ಸಣ್ಣದೊಂದು ಙಕಾರವನ್ನು ನುಡಿಯುತ್ತಾರೆ, ಬ್ರೆಡ್ಡನ್ನು 'ಪೆಙ್' ಎಂಬಂತೆ ಹೇಳುತ್ತಾರೆ. ಉತ್ತರದವರು ನುಂಗಿಬಿಡುವ ಪದಾಂತ್ಯದ ಸ್ವರವನ್ನು ಇವರು ಉಳಿಸಿಕೊಳ್ಳುತ್ತಾರೆ. ಪ್ಯಾರಿಸಿನಲ್ಲಿ ಬಹುತೇಕ ಒಂದಾಗಿಬಿಟ್ಟಿರುವ ಎರಡು ಅನುನಾಸಿಕ ಸ್ವರಗಳನ್ನು ಬೇರೆಬೇರೆಯಾಗಿಯೇ ಕಾಪಾಡಿಕೊಂಡಿದ್ದಾರೆ. ವಾರ್ತೆಯಲ್ಲಿ ಪಳಗಿದ ನನ್ನ ಕಿವಿ ನಮ್ಮ ಗಿರಾಕಿಯ ಮಾತಿಗೆ ಮತ್ತೊಮ್ಮೆ ಪಳಗಬೇಕಾಯಿತು. ಧಾರವಾಡದ ಮಾತು ಕೇಳಿ ಬೆಳೆದವರು ಮಂಗಳೂರಿನಲ್ಲಿ ಇಳಿದಾಗ ಆಗುವ ಅನುಭವವೇ ಇದೂ. ಹಾಗೆಂದು ಶಿಷ್ಟ ನುಡಿಯನ್ನು ಕಲಿತದ್ದು ನಷ್ಟವೆಂದು ನಾನು ಭಾವಿಸುವುದಿಲ್ಲ. ನಮ್ಮ ಮಾತನ್ನು ಎಲ್ಲ ಕಡೆಯವರೂ ತಿಳಿಯಬೇಕಾದರೆ ಅದೇ ದಾರಿ.

ಫ್ರೆಂಚನ್ನು ಈಗಷ್ಟೇ ಆರಂಭಿಸುವವರಿಗೆ ಈ ವಾರ್ತೆಯನ್ನು ನಾನು ಸೂಚಿಸುವುದಿಲ್ಲ. ಹೆಸರಿನಲ್ಲಿ ಸುಲಭವೆಂದಿದ್ದರೂ ಕನಿಷ್ಠ ಎ2 ಹಂತವನ್ನು, ಅಂದರೆ ಎ1ರಿಂದ ಆರಂಭವಾಗುವ ಯುರೋಪಿನ ಭಾಷಾ ಮಟ್ಟಗಳ ಎರಡನೆಯ ಮೆಟ್ಟಿಲನ್ನು, ಮುಗಿಸಿದವರಿಗೆ ಮಾತ್ರ ಇದು ಹಿಡಿತಕ್ಕೆ ಬರುತ್ತದೆ. ಅಲ್ಲಿಯವರೆಗೆ ಟಿವಿ5 ಮೋಂದ್ ಸಂಸ್ಥೆಯ ಕಲಿಕೆಯ ಜಾಲತಾಣದಲ್ಲಿ ಎ1 ಹಂತದಿಂದ ಉಚಿತವಾಗಿ ಸಿಗುವ ಅಭ್ಯಾಸಗಳು ಸಾಕು. ಹಂತ ತಲುಪಿದವರು ಒಂದು ನಿಮಿಷದ ತುಣುಕು, ಒಂದು ಪೆನ್ಸಿಲು, ಒಂದು ಕನ್ನಡಿ ಇಟ್ಟುಕೊಂಡು ಹಿಂಜರಿಯದೆ ಆರಂಭಿಸಬಹುದು. ಗಡಿಯಾರದ ವಿಷಯಕ್ಕೆ ಬಂದರೆ, ಫ್ರಾನ್ಸಿನಲ್ಲಿ 24 ಗಂಟೆಗಳ ಲೆಕ್ಕವೂ ರೂಢಿಯಲ್ಲಿರುವುದರಿಂದ, ಗಿರಾಕಿ ಎರಡು ಗಂಟೆ ಎಂದಾಗ ನಾನು ಹದಿನಾಲ್ಕು ಎಂಬರ್ಥದ 'ಕತೋರ್ಜ಼್' ಎಂದು ಮರಳಿ ಕೇಳುತ್ತೇನೆ. ಎರಡು, ಹನ್ನೆರಡುಗಳು ಈಗ ಕಿವಿಗೆ ಬೇರೆಬೇರೆಯಾಗಿಯೇ ಬೀಳುತ್ತವೆ, ಆದರೂ ಈ ರೂಢಿಯನ್ನು ಬಿಟ್ಟಿಲ್ಲ.