ಅಲ್ಟ್ರಾ ಬೋರ್ಡಲ್ಲಿ ಎರಡು ಗ್ರಾಫಿಕ್ಸ್ ಕಾರ್ಡ್ ಓಡಿಸಿಕೊಟ್ಟ ಕಾಸರಗೋಡಿನ ರಿಪೇರಿ ಅಂಗಡಿ

ಹಳೆ ಮದರ್‌ಬೋರ್ಡ್ ಕೆಲ್ಸಕ್ಕೆ ಕಾಸರಗೋಡಲ್ಲಿ ಯಾರಾದ್ರೂ ಇದ್ದಾರಾ ಅಂತ ಕೇಳುವವರಿಗೆ ಬರೀತಿದ್ದೇನೆ. ಹಳೆ ಬಸ್‌ಸ್ಟ್ಯಾಂಡ್ ಹತ್ರ ಮಹಡಿ ಮೇಲೆ ಸಣ್ಣ ಅಂಗಡಿ, ಮೊಬೈಲ್ ಡಿಸ್‌ಪ್ಲೇ ಹಾಕುವ ಕೆಲ್ಸವೇ ಅಲ್ಲಿ ಜಾಸ್ತಿ, ಆದ್ರೆ ಒಳಗಿನ ಟೇಬಲ್ಲಲ್ಲಿ ಕೂತಿರುವ ಅಣ್ಣನಿಗೆ ಡೆಸ್ಕ್‌ಟಾಪ್ ಬೋರ್ಡ್ ಅಂದ್ರೆ ಪ್ರಾಣ. ನೀವು ಕನ್ನಡದಲ್ಲಿ ಮಾತಾಡಿದ್ರೆ ಕನ್ನಡ, ತುಳು ಅಂದ್ರೆ ತುಳು, ಮಲಯಾಳ ಅಂದ್ರೆ ಮಲಯಾಳ.

ನಾನು ತಗೊಂಡು ಹೋದದ್ದು ಡಿಎಫ್‌ಐ ಕಂಪನಿಯ ಲ್ಯಾನ್‌ಪಾರ್ಟಿ ಯುಟಿ ಎನ್‌ಎಫ್4 ಅಲ್ಟ್ರಾ-ಡಿ ಅನ್ನುವ ಮದರ್‌ಬೋರ್ಡ್. ಸಾಕೆಟ್ 939, ಎಎಂಡಿಯ ಅಥ್ಲಾನ್ 64 ಪ್ರೊಸೆಸರ್ ಹಾಕುವಂಥದ್ದು, ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು. ಮೊದ್ಲು ಮಂಗಳೂರಿನ ಒಂದು ದೊಡ್ಡ ಅಂಗಡಿಗೆ ಕೊಟ್ಟಿದ್ದೆ, ಅವ್ರು ಕವರ್ ಕೂಡ ಬಿಚ್ಚದೆ ಇದನ್ನು ಗುಜರಿಗೆ ಹಾಕಿ, ಹೊಸತು ತಗೊಳ್ಳಿ ಅಂತ ವಾಪಸ್ ಕೊಟ್ರು. ಇಲ್ಲಿ ಹಾಗಲ್ಲ, ಬೋರ್ಡ್ ಕೈಗೆ ತಗೊಂಡ ಕೂಡ್ಲೆ ಅಣ್ಣ ಕೇಳಿದ ಮೊದಲ ಮಾತೇ "ಎರಡು ಉದ್ದ ಸ್ಲಾಟ್ ಉಂಟಲ್ಲ, ಎರಡೂ ಓಡ್ಬೇಕಾ ನಿಮ್ಗೆ?" ಅಂತ.

ವಿಷಯ ಗೊತ್ತಿಲ್ಲದವ್ರಿಗೆ ಸ್ವಲ್ಪ ಹೇಳ್ತೇನೆ. ಎರಡು ಗ್ರಾಫಿಕ್ಸ್ ಕಾರ್ಡ್ ಜೋಡಿಸಿ ಒಂದೇ ಗೇಮ್ ಓಡಿಸುವ ಎಸ್‌ಎಲ್‌ಐಯನ್ನು ಗ್ರಾಫಿಕ್ಸ್ ಚಿಪ್ ಮಾಡುವ ಎನ್ವಿಡಿಯಾ ತಂದದ್ದು 2004ರಲ್ಲಿ. ಅದಕ್ಕೆ ಎನ್‌ಫೋರ್ಸ್4 ಎಸ್‌ಎಲ್‌ಐ ಅನ್ನುವ ದುಬಾರಿ ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಜೋಡಿಸುವ ಮುಖ್ಯ ಚಿಪ್) ಇರುವ ಬೋರ್ಡ್ ಬೇಕು, ಕಮ್ಮಿ ರೇಟಿನ ಅಲ್ಟ್ರಾ ಚಿಪ್ಪಲ್ಲಿ ಅದಿಲ್ಲ ಅಂತ ಲೆಕ್ಕ. ಆದ್ರೆ 2005ರ ಶುರುವಲ್ಲೇ ಜನಕ್ಕೆ ಗೊತ್ತಾಯ್ತು, ಎರಡೂ ಒಂದೇ ಸಿಲಿಕಾನ್, ಚಿಪ್ಪಿನ ಮೇಲೆ ಕಾಣುವ ಒಂದು ಸಣ್ಣ ಜಾಗದಲ್ಲಿ ಕನೆಕ್ಷನ್ ಕೂಡಿಸಿದ್ರೆ ಅಲ್ಟ್ರಾ ಎಸ್‌ಎಲ್‌ಐ ಆಗ್ತದೆ ಅಂತ. ಡಿಎಫ್‌ಐಯವ್ರು ಅಲ್ಟ್ರಾ ಬೋರ್ಡಲ್ಲೂ ಎರಡು ಉದ್ದ ಸ್ಲಾಟ್ ಕೊಟ್ಟೇ ಇದ್ರು, ಹಾಗಾಗಿ ಈ ಬೋರ್ಡಿಗೆ ಅಷ್ಟು ಹೆಸ್ರು ಬಂದದ್ದು. ಆಮೇಲೆ ಎಂತ ಆಯ್ತು ಅಂದ್ರೆ ಎನ್ವಿಡಿಯಾ ಆ ಜಾಗವನ್ನೇ ಎಪಾಕ್ಸಿ ಅಂಟು ಹಾಕಿ ಮುಚ್ಚಿ ಚಿಪ್ ಕಳಿಸ್ಲಿಕ್ಕೆ ಶುರು ಮಾಡಿತು, ಚಿಪ್ ಮುಟ್ಟದೆಯೇ ಒಂದು ಸ್ಲಾಟಿಗೆ 16 ಲೇನ್ (ಡೇಟಾ ಹೋಗುವ ಸಾಲು) ಇನ್ನೊಂದಕ್ಕೆ 2 ಲೇನ್ ಇಟ್ಟು ಓಡಿಸುವವ್ರ ದಾರಿಯನ್ನು ಮುಂದಿನ ಡ್ರೈವರಲ್ಲಿ ಮುಚ್ಚಿತು.

ಅಣ್ಣ ಕೆಲ್ಸ ಮಾಡುವುದನ್ನು ನಾನು ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತು ನೋಡಿದೆ. ಮೊದ್ಲು ಚಿಪ್‌ಸೆಟ್ ಮೇಲಿನ ಫ್ಯಾನ್ ಕಳಚಿ, ಕಲ್ಲಾಗಿದ್ದ ಪೇಸ್ಟನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಹತ್ತಿಯಲ್ಲಿ ಒರೆಸಿ, ಲೆನ್ಸ್ ಕೆಳಗೆ ತುಂಬ ಹೊತ್ತು ನೋಡಿದ್ರು. ನಂದು ಅಂಟು ಹಾಕುವ ಮೊದ್ಲಿನ ಚಿಪ್, ಜಾಗ ಖಾಲಿ ಕಾಣ್ತಿತ್ತು. "ಅಂಟು ಇದ್ದಿದ್ರೆ ನಾನು ಮುಟ್ತಿರ್ಲಿಲ್ಲ, ಕೆರೆಯುವಾಗ ಅಡಿಯದ್ದೂ ಕಿತ್ತು ಬರ್ತದೆ, ಮತ್ತೆ ಬೋರ್ಡೇ ಹೋಯ್ತು" ಅಂದ್ರು. ಶುರು ಮಾಡುವ ಮೊದ್ಲೇ ಚಿಪ್ ಸತ್ರೆ ಬದ್ಲಿ ಕೊಡ್ಲಿಕ್ಕೆ ಆಗುವುದಿಲ್ಲ, ಆಗ್ಬಹುದಾ ಅಂತ ಕೇಳಿ ನನ್ನ ಒಪ್ಪಿಗೆ ತಗೊಂಡ್ರು, ಇದು ನಂಗೆ ತುಂಬ ಇಷ್ಟ ಆಯ್ತು. ಆಮೇಲೆ ಸೂಜಿ ತುದಿಯಲ್ಲಿ ಕಂಡಕ್ಟಿವ್ ಪೇಂಟ್ ತಗೊಂಡು ಒಂದೇ ಒಂದು ಚುಕ್ಕಿ, ಒಣಗುವವರೆಗೆ ಕೈ ಹಾಕದೆ ಕಾದು, ಮಲ್ಟಿಮೀಟರ್ ಇಟ್ಟು ಪಕ್ಕದ್ದಕ್ಕೆ ತಾಗಿಲ್ಲ ಅಂತ ನೋಡಿ, ಸ್ಲಾಟ್‌ಗಳ ಮಧ್ಯ ಇರುವ ಜಂಪರ್ ಬ್ಲಾಕ್ (ಕನೆಕ್ಷನ್ ಬದ್ಲಿಸುವ ಸಣ್ಣ ತುಂಡು) ಎಲ್ಲ ಕಿತ್ತು ಇನ್ನೊಂದು ಬದಿಗೆ ಹಾಕಿದ್ರು, ಆಗ ಎರಡು ಸ್ಲಾಟಿಗೂ ಎಂಟೆಂಟು ಲೇನ್ ಬರ್ತದೆ. ಹಳೆ ಫ್ಯಾನ್ ತಿರುಗುವಾಗ ಕರಕರ ಅಂತಿತ್ತು, ಅದನ್ನೂ ಬದ್ಲಿಸಿದ್ರು.

ವಿಂಡೋಸ್ ಎಕ್ಸ್‌ಪಿ ಬೂಟ್ ಆಗಿ, ಎರಡು ಜಿಫೋರ್ಸ್ 6600 ಜಿಟಿ ಕಾರ್ಡ್ ಮಧ್ಯ ಬ್ರಿಡ್ಜ್ (ಎರಡನ್ನೂ ಜೋಡಿಸುವ ಸಣ್ಣ ಕನೆಕ್ಟರ್) ಸಿಕ್ಕಿಸಿ, ಡ್ರೈವರಲ್ಲಿ ಎಸ್‌ಎಲ್‌ಐ ಆನ್ ಮಾಡುವ ಆಪ್ಷನ್ ಬಂದಾಗ ಆದ ಖುಷಿ ಹೇಳ್ಲಿಕ್ಕೆ ಸಾಧ್ಯ ಇಲ್ಲ ಮಾರಾಯ್ರೆ. ಸ್ಪೀಡ್ ಡಬಲ್ ಆಗುವುದಿಲ್ಲ, 128 ಎಂಬಿ ಮೆಮರಿ ಎರಡು ಸೇರಿ 256 ಕೂಡ ಆಗುವುದಿಲ್ಲ, ಯಾಕಂದ್ರೆ ಎರಡು ಕಾರ್ಡೂ ಅದೇ ಟೆಕ್ಸ್‌ಚರ್ (ಗೇಮಿನ ಚಿತ್ರದ ಡೇಟಾ) ಇಟ್ಕೊಳ್ತವೆ. ಆದ್ರೂ ಆ ಕಾಲದ ಗೇಮಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣ್ತದೆ.

ಎನ್ವಿಡಿಯಾ ಕಂಪನಿ ಬಗ್ಗೆ ನಂಗೆ ಹೇಳ್ಲಿಕ್ಕೆ ಇರುವುದು ಇಷ್ಟೇ. ಹೀಗೆ ಮಾಡ್ (ಬದಲಾವಣೆ) ಮಾಡಿದ್ರೆ ವಾರಂಟಿ ಇಲ್ಲ ಅನ್ನಲಿ, ಅದು ನ್ಯಾಯ. ದುಬಾರಿ ಚಿಪ್ ಮಾರಿ ಲಾಭ ಮಾಡ್ಲಿ, ಅದೂ ಸರಿ. ಆದ್ರೆ ನಾನು ದುಡ್ಡು ಕೊಟ್ಟು ಮನೆಗೆ ತಂದ ಬೋರ್ಡಲ್ಲಿ ಇವತ್ತು ಓಡುವುದನ್ನು ನಾಳೆ ಡ್ರೈವರ್ ಅಪ್‌ಡೇಟಲ್ಲಿ ನಿಲ್ಲಿಸುವುದು ನಂಗೆ ಒಪ್ಪಿಗೆ ಇಲ್ಲ. ಇದು ಅಲ್ಲಿಗೇ ನಿಲ್ಲಲೂ ಇಲ್ಲ, 2008ರಲ್ಲಿ ಇಂಟೆಲ್ ಎಕ್ಸ್58 ಚಿಪ್‌ಸೆಟ್ ಬಂದಾಗ ಬೋರ್ಡ್ ಕಂಪನಿ ಲೈಸೆನ್ಸ್ ತಗೊಂಡು ಬಯಾಸಲ್ಲಿ (ಬೋರ್ಡ್ ಶುರು ಮಾಡುವ ಸಾಫ್ಟ್‌ವೇರಲ್ಲಿ) ಕೀ ಹಾಕಿದ್ರೆ ಮಾತ್ರ ಎಸ್‌ಎಲ್‌ಐ ಅಂತ ಆಯ್ತು, ಜನ ಅದಕ್ಕೂ ಸಾಫ್ಟ್‌ವೇರಲ್ಲಿ ದಾರಿ ಹುಡುಕಿದ್ರು. ಈಗ ಹೊಸ ಕಾರ್ಡಲ್ಲಿ ಬ್ರಿಡ್ಜ್ ಹಾಕುವ ಜಾಗವೇ ಇಲ್ಲ, 2021ರಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಒಂದೊಂದು ಗೇಮಿಗೆ ಬೇಕಾದ ಡ್ರೈವರ್ ಸೆಟ್ಟಿಂಗ್) ಕೊಡುವುದನ್ನೂ ನಿಲ್ಲಿಸಿದ್ದಾರೆ.

ಅಂಗಡಿಗೆ ವಾಪಸ್ ಬರ್ತೇನೆ. ಫ್ಯಾನ್ ಸೇರಿ ₹900 ತಗೊಂಡ್ರು, ಕೆಲ್ಸ ನೋಡಿದ್ರೆ ಕಮ್ಮಿಯೇ. ತೊಂದ್ರೆ ಅಂದ್ರೆ ಫೋನ್ ಎತ್ತುವುದಿಲ್ಲ, ಅರ್ಜೆಂಟ್ ಅಂದ್ರೆ ಆಗುವುದಿಲ್ಲ, ಸಾಯಂಕಾಲ ಮೊಬೈಲಿನವ್ರ ರಶ್ ಇರ್ತದೆ, ಬೆಳಿಗ್ಗೆ ಹೋಗಿ. ಮಳೆಗಾಲದಲ್ಲಿ ಬೋರ್ಡನ್ನು ಬರೀ ಪ್ಲಾಸ್ಟಿಕ್ ತೊಟ್ಟೆಯಲ್ಲಿ ತರಬೇಡಿ, ಆಂಟಿಸ್ಟಾಟಿಕ್ ಕವರಲ್ಲಿ ಹಾಕಿ, ಪವರ್ ಸಪ್ಲೈ ಮತ್ತೆ ರ‍್ಯಾಮ್ ಕೂಡ ಒಟ್ಟಿಗೆ ತನ್ನಿ, ಡಿಡಿಆರ್ ಒಂದರ ರ‍್ಯಾಮ್ ಅವ್ರ ಹತ್ರ ಟೆಸ್ಟ್ ಮಾಡ್ಲಿಕ್ಕೆ ಒಂದೇ ಉಂಟು.